ರೆಕಾರ್ಡಿನಲ್ಲಿ ಕೂರದ ಸದ್ದು

ನಿವೃತ್ತನಾದವನು ಕಾಲು ಚಾಚಿ ಕೂರುತ್ತಾನೆ ಎಂದು ಯಾರು ಹೇಳಿದರೋ ಗೊತ್ತಿಲ್ಲ. ನನಗಂತೂ ಕೂತಲ್ಲಿ ಕೂರಲಾಗುವುದಿಲ್ಲ. ಅಡುಗೆಮನೆಯ ಫ್ರಿಜ್ಜು ಗುಂಯ್ ಅಂದರೆ ಎದ್ದು ಹೋಗಿ ಅದರ ಕಾಲಿನ ಕೆಳಗೆ ರಟ್ಟು ಮಡಚಿ ಇಡುತ್ತೇನೆ. ಅದು ಸುಮ್ಮನಾದರೆ ಬಾಯ್ಲರಿನ ಪೈಪು ಟಿಕ್ ಟಿಕ್ ಶುರು ಮಾಡುತ್ತದೆ. ಬರ್ಮಿಂಗ್‌ಹ್ಯಾಮಿನ ಸೆಲ್ಲಿ ಓಕ್‌ನಲ್ಲಿರುವ ನಮ್ಮ ಮನೆಯ ಎರಡೂ ಪಕ್ಕ ಕಾಲೇಜು ಮಕ್ಕಳಿದ್ದಾರೆ. ಎಡಗಡೆಯವರ ಸ್ಪೀಕರಿನ ಒಂದು ಕೋನ್ ಹರಿದಿದೆ. ಅವರಿಗೆ ಅದು ಗೊತ್ತಿಲ್ಲ, ನನಗೆ ಗೋಡೆಯ ಈಚೆಯಿಂದ ಗೊತ್ತು. ಹೋಗಿ ಬಾಗಿಲು ಬಡಿಯಲೇ ಅಂದರೆ ನನ್ನ ಹೆಂಡತಿ ಜುಬೇದಾ ದಖನಿಯಲ್ಲಿ ಬೈದು ಕೂರಿಸುತ್ತಾಳೆ, ಮತ್ತೆ ಎದ್ದರೆ ಬಸ್ಸು ಹತ್ತಿಸಿ ಕಳಿಸುತ್ತಾಳೆ. ಬಸ್ಸಿನಲ್ಲಿ ಬ್ರೇಕು ಕಿರುಗುಟ್ಟುತ್ತದೆ.

ವಿನೈಲ್ ರೆಕಾರ್ಡಿಗೆ ಈಗ ಮತ್ತೆ ಕಾಲ ಬಂದಿದೆ. ಯೂನಿವರ್ಸಿಟಿಯಲ್ಲಿ ಸೌಂಡ್ ಓದಿದವರು, ಅವರಲ್ಲಿ ನಮ್ಮ ಕರ್ನಾಟಕದ ಕಡೆಯವರೂ ಇಬ್ಬರು ಮೂವರು, ನನಗೆ ಫೋನ್ ಮಾಡಿ "ಅಂಕಲ್, ಯಾವ ಮೆಷೀನ್ ಬೆಸ್ಟು?" ಎಂದು ಕೇಳುತ್ತಾರೆ. ಮೆಷೀನಿನ ವಿಷಯ ಮ್ಯಾನ್ಯುಯಲ್‌ನಲ್ಲಿದೆ. ಅದರಲ್ಲಿ ಇಲ್ಲದ್ದನ್ನು ಇಲ್ಲಿ ಬರೆಯುತ್ತೇನೆ. ನಡುನಡುವೆ ಎದ್ದು ಅಡ್ಡಾಡಿ ಬಂದು ಬರೆದದ್ದು, ಎಗರೆಗರಿ ಹೋದಂತೆ ಕಂಡರೆ ಸೈರಿಸಿಕೊಳ್ಳಿ.

ನನ್ನ ಕೆಲಸ ಹಾಡು ಕೊರೆಯುವುದು. ಲೇತ್ ಎಂಬ ಯಂತ್ರದ ಮೇಲೆ ಮೆತ್ತನೆಯ ಕಪ್ಪು ಲೇಪದ ಒಂದು ತಟ್ಟೆ ತಿರುಗುತ್ತದೆ. ಹಾಡು ಒಂದು ಸೂಜಿಯನ್ನು ಅಲ್ಲಾಡಿಸುತ್ತದೆ, ಸೂಜಿ ತಟ್ಟೆಯಲ್ಲಿ ಗೆರೆ ಕೊರೆಯುತ್ತದೆ. ಆ ತಟ್ಟೆಯಿಂದ ಅಚ್ಚು ತೆಗೆದು ಕಾರ್ಖಾನೆಯವರು ರೆಕಾರ್ಡು ಒತ್ತುತ್ತಾರೆ. ನಾನು ಮಾಡಿದ ತಪ್ಪು ಪ್ರತಿಯೊಂದು ರೆಕಾರ್ಡಿನಲ್ಲೂ ಇರುತ್ತದೆ, ಒಂದೂ ತಪ್ಪಿಸಿಕೊಳ್ಳುವುದಿಲ್ಲ. ಈ ಕೆಲಸಕ್ಕೆ ಬರುವವರು ಮೊದಲು ಇದನ್ನು ತಲೆಗೆ ಹಾಕಿಕೊಳ್ಳಬೇಕು.

ಹುಬ್ಬಳ್ಳಿಯಿಂದ ಡಿಪ್ಲೊಮಾ ಹಿಡಿದುಕೊಂಡು, ಕಾರು ಕಾರ್ಖಾನೆಗಳನ್ನು ನಂಬಿ, ಕೊವೆಂಟ್ರಿಯಲ್ಲಿದ್ದ ಚಿಕ್ಕಪ್ಪನ ಮನೆಗೆ ಬಂದವನು ನಾನು. ಕಾರಿನವರು ಬೇಡ ಅಂದರು. ಬರ್ಮಿಂಗ್‌ಹ್ಯಾಮಿನ ಒಂದು ಸ್ಟುಡಿಯೋದವರು ಲೇತ್ ರಿಪೇರಿಗೆ ಜನ ಬೇಕು ಎಂದು ಜಾಹೀರಾತು ಕೊಟ್ಟಿದ್ದರು. ಕಬ್ಬಿಣ ಕಡೆಯುವ ಲೇತ್ ಇರಬೇಕು ಎಂದು ಕೈಚೀಲದಲ್ಲಿ ನನ್ನದೇ ಸ್ಪ್ಯಾನರು ಹಾಕಿಕೊಂಡು ಹೋದೆ. ಅಲ್ಲಿಯ ಹಿರಿಯ ಕಟರ್, ಅಂದರೆ ತಟ್ಟೆ ಕೊರೆಯುವವನು, ಗ್ರಹಾಂ ಸ್ಪ್ಯಾನರು ನೋಡಿ, ನನ್ನನ್ನು ನೋಡಿ, ಅಲ್ಲೇ ಕೆಲಸ ಕೊಟ್ಟ. ಖಾದರ್ ಎಂಬ ನನ್ನ ಹೆಸರು ಅವನ ಬಾಯಲ್ಲಿ ಬರೀ "ಕೇ" ಆಯಿತು. ಅವನ ಇಂಗ್ಲಿಷನ್ನು ನಮ್ಮ ಕನ್ನಡಕ್ಕೆ ಇಳಿಸಿಯೇ ಬರೆಯುತ್ತೇನೆ, ಇಲ್ಲದಿದ್ದರೆ ಅರ್ಧ ಬೈಗುಳಗಳೇ ಇರುತ್ತವೆ.

ಮೊದಲ ಮೂರು ತಿಂಗಳು ಅವನು ನನಗೆ ಹಾಡು ಕೇಳಲು ಬಿಡಲಿಲ್ಲ. ಮೈಕ್ರೋಸ್ಕೋಪಿನಲ್ಲಿ ಗೆರೆ ನೋಡು, ಅಷ್ಟೇ. ದಪ್ಪ ದನಿ ಅಗಲವಾಗಿ ಬಳುಕುವ ಗೆರೆ, ಸಣ್ಣ ದನಿ ನುಣ್ಣಗೆ ನಡುಗುವ ಗೆರೆ. ಊಟದ ಹೊತ್ತಿಗೆ ನನ್ನ ಕಣ್ಣುಗಳು ಉರಿಯುತ್ತಿದ್ದವು. "ಕಿವಿ ಸುಳ್ಳು ಹೇಳುತ್ತದೆ ಕೇ. ಇಷ್ಟವಾದದ್ದನ್ನು ಚೆನ್ನಾಗಿದೆ ಅನ್ನುತ್ತದೆ. ಗೆರೆಗೆ ಇಷ್ಟಾನಿಷ್ಟ ಇಲ್ಲ" ಎಂದು ಅವನು ಹೇಳುತ್ತಿದ್ದ.

ನನ್ನ ಮೊದಲ ದೊಡ್ಡ ಎಡವಟ್ಟು ಹೇಳಿಬಿಡುತ್ತೇನೆ. ತಟ್ಟೆ ಕೊರೆದ ಮೇಲೆ ನಡುವಿನ ಖಾಲಿ ಜಾಗದಲ್ಲಿ ಯಾವ ಮಗ್ಗುಲು ಎಂದು ಕೈಯಿಂದಲೇ ಕೆತ್ತಬೇಕು. ಲೀಡ್ಸ್ ಕಡೆಯ ಒಂದು ಬ್ರಾಸ್ ಬ್ಯಾಂಡಿನವರ ಕ್ರಿಸ್‌ಮಸ್ ರೆಕಾರ್ಡಿಗೆ ನಾನು ಎ ಇದ್ದಲ್ಲಿ ಬಿ ಕೆತ್ತಿದೆ, ಬಿ ಇದ್ದಲ್ಲಿ ಎ. ಕಾರ್ಖಾನೆಯವರು ಕೆತ್ತಿದ್ದನ್ನು ನಂಬಿ ಲೇಬಲ್ ಅಂಟಿಸಿದರು. ಬ್ಯಾಂಡಿನ ಮುಖ್ಯಸ್ಥ ಫೋನ್ ಮಾಡಿ, ತನ್ನ ರೆಕಾರ್ಡು ಎಲ್ಲರಿಗೂ ಶುಭರಾತ್ರಿ ಹೇಳಿ ಆಮೇಲೆ ಸ್ವಾಗತ ಕೋರುತ್ತಿದೆ ಎಂದ. ಗ್ರಹಾಂ ನನಗೆ ಬೈಯಲಿಲ್ಲ. ಆ ರೆಕಾರ್ಡನ್ನು ನಮ್ಮ ಟೀ ಮಾಡುವ ಕೆಟಲಿನ ಮೇಲೆ, ಗೋಡೆಗೆ ಮೊಳೆ ಹೊಡೆದು ನೇತುಹಾಕಿದ. ಹನ್ನೊಂದು ವರ್ಷ ನಾನು ಅದರ ಕೆಳಗೆ ನಿಂತು ಟೀ ಮಾಡಿಕೊಂಡೆ.

ಗ್ರಹಾಂನಿಂದ ಕಲಿತದ್ದರಲ್ಲಿ ಮುಖ್ಯವಾದದ್ದು ಇನ್ನೊಂದಿದೆ. ಒಬ್ಬ ಮುದುಕ ಗಿಟಾರ್ ಹಾಡುಗಾರನ ಟೇಪಿನಲ್ಲಿ ಕುರ್ಚಿ ಕಿರ್ರ್ ಅನ್ನುತ್ತಿತ್ತು. ನಾನು ಅದನ್ನು ತೆಗೆಯಲು ಗುಂಡಿಗೆ ಕೈ ಹಾಕಿದೆ. ಗ್ರಹಾಂ ನನ್ನ ಕೈ ಸರಿಸಿ, ಆ ಮುದುಕನಿಗೆ ಫೋನ್ ಹಚ್ಚಿ, ಕುರ್ಚಿ ಇರಲೋ ಬೇಡವೋ ಎಂದು ಕೇಳಿದ. ಆತ ಬೇಡ ಅಂದ, ತೆಗೆದೆವು. "ತೆಗೆಯೋದೇ ಆಗಿದ್ದರೆ ಕೇಳೋದು ಯಾಕೆ?" ಅಂದೆ. "ಕುರ್ಚಿ ಅವನದು" ಅಂದ ಗ್ರಹಾಂ. ಏನೇ ಬದಲಾಯಿಸಿದರೂ ಅದನ್ನು ಕಟಿಂಗ್ ಶೀಟಿನಲ್ಲಿ ಬರೆದು ಹಾಡಿದವರಿಗೆ ಕಳಿಸಬೇಕು ಎಂಬುದು ಅವನ ಕಟ್ಟಳೆ. ನಾನು ಅದನ್ನು ಇಪ್ಪತ್ತೆಂಟು ವರ್ಷ ಪಾಲಿಸಿದೆ, ಒಂದು ಸಲದ ಹೊರತು.

ನಡುವೆ ಕಾಲ ಬದಲಾಯಿತು. ಸಿ.ಡಿ. ಬಂತು, ನಮ್ಮ ನಾಲ್ಕು ಲೇತ್‌ಗಳಲ್ಲಿ ಮೂರು ಗುಜರಿಗೆ ಹೋದವು. ಗ್ರಹಾಂ ನಾಲ್ಕನೆಯದಕ್ಕೆ ಹಳೇ ಕಂಬಳಿ ಹೊದಿಸಿಟ್ಟು ತಾನೂ ನಿವೃತ್ತನಾದ. ನಾನು ಕಂಪ್ಯೂಟರ್ ಮುಂದೆ ಕೂತು ಅಲೆಗಳನ್ನು ಮೌಸಿನಿಂದ ಎಳೆದಾಡಿದೆ. ಬರೀ ಬೇಜಾರು. ಮತ್ತೆ ವಿನೈಲ್ ಬೇಕೆಂದು ಗಡ್ಡದ ಹುಡುಗರು ಬರತೊಡಗಿದಾಗ ಕಂಬಳಿ ತೆಗೆದು ಎಣ್ಣೆ ಬಿಟ್ಟೆ. ಆ ಊರಿನಲ್ಲಿ ಆ ಯಂತ್ರದ ಭಾಷೆ ತಿಳಿದವನು ನಾನೊಬ್ಬನೇ ಎನ್ನುವ ಹಾಗಾಯಿತು. ಸುಳ್ಳು ಯಾಕೆ, ಕೊಂಬು ಬಂತು. ನಾನು ಹೇಳಿದ್ದೇ ವೇದವಾಕ್ಯ, ಎದುರು ಮಾತಾಡುವವರಿಲ್ಲ.

ಇಂಥ ಹೊತ್ತಿನಲ್ಲಿ ಸಹನಾಳ ಬ್ಯಾಂಡು ಬಂತು. ಬ್ಯಾಂಡಿನ ಹೆಸರು ಬರೆಯುವುದಿಲ್ಲ, ಈಗಲೂ ಹಾಡುತ್ತಿದ್ದಾರೆ. ಹಡರ್ಸ್‌ಫೀಲ್ಡಿನ ನಾಲ್ಕು ಜನರ ಪಾಪ್ ರಾಕ್ ಬ್ಯಾಂಡು. ಮೂವರು ಅಲ್ಲಿಯವರೇ, ಹಾಡುವ ಸಹನಾ ಮಾತ್ರ ಮೈಸೂರಿನ ಒಬ್ಬ ಡಾಕ್ಟರಮ್ಮನ ಮಗಳು, ಇಲ್ಲೇ ಹುಟ್ಟಿ ಬೆಳೆದವಳು. ಅವಳ ಕನ್ನಡ ಅಡುಗೆಮನೆಯ ಕನ್ನಡ. ಊಟಕ್ಕೆ, ನಿದ್ದೆಗೆ, ಬೈಸಿಕೊಳ್ಳುವುದಕ್ಕೆ ಸಾಕು, ಉಳಿದದ್ದಕ್ಕೆ ಇಂಗ್ಲಿಷು. ನಾನು ಹುಬ್ಬಳ್ಳಿಯವನೆಂದು ತಿಳಿದದ್ದೇ "ಅಂಕಲ್" ಎಂದು ಶುರುಮಾಡಿದಳು. ಸ್ಟುಡಿಯೋದಲ್ಲಿ ಅಷ್ಟು ವರ್ಷದಲ್ಲಿ ಯಾರೂ ಅಂಕಲ್ ಅಂದಿರಲಿಲ್ಲ. ನಾನು ಕರಗಿ ಹೋದೆ, ಎದ್ದು ಏಲಕ್ಕಿ ಹಾಕಿ ಟೀ ಮಾಡಿದೆ.

ಅವಳ ಮೇಲಿನ ಎರಡು ಹಲ್ಲುಗಳ ನಡುವೆ ಸಂದಿತ್ತು. ಸ, ಶ ಬಂದಲ್ಲೆಲ್ಲ ಆ ಸಂದಿನಿಂದ ಸಣ್ಣದೊಂದು ಸಿಳ್ಳು ಹೊರಡುತ್ತಿತ್ತು. ತನ್ನ ಹೆಸರು ಹೇಳಿದರೂ ಸಿಳ್ಳು. ಟೀ ಕುಡಿಯುತ್ತ ಅವಳೇ ಅದರ ವಿಷಯ ತೆಗೆದಳು.

"ಅಂಕಲ್, ಸ್ಕೂಲಲ್ಲಿ ನನ್ನ ಸಿಳ್ಳು ಹಾಕೋ ಕೆಟಲ್ ಅಂತಿದ್ರು. ಅಮ್ಮ ಹಲ್ಲು ಫಿಕ್ಸ್ ಮಾಡ್ಸು ಅಂತಾನೇ ಇದಾರೆ. ಅಜ್ಜಿ ಮಾತ್ರ, ಸಂದು ಇದ್ರೆ ಲಕ್ಕಿ, ಮುಟ್ಬೇಡ ಅಂತಿದ್ರು. ಮೊದಲಿನ ಎರಡು ರೆಕಾರ್ಡಲ್ಲಿ ಪ್ರೊಡ್ಯೂಸರ್ ನನ್ನ ಕೇಳ್ದೇನೇ ತೆಗೆದ್‌ಬಿಟ್ರು. ಈ ಆಲ್ಬಮ್ ಮಾತ್ರ ಫುಲ್ ನಂದೇ. ಸಿಳ್ಳೂ ನಂದೇ. ಇರ್ಲಿ ಅಂತ ಎಲ್ರೂ ಒಪ್ಕೊಂಡಿದೀವಿ."

"ಆಯ್ತು ಬೇಟಾ" ಅಂದೆ. ಮನಸ್ಸಿನಲ್ಲಿ, ಯಂತ್ರ ಒಪ್ಪಿದರೆ ನೋಡೋಣ ಅಂದುಕೊಂಡೆ. ಅವರಿಗೆ ಲೀಡ್ಸ್‌ನಲ್ಲಿ ಕಾರ್ಯಕ್ರಮವಿತ್ತು, ಟ್ರೈನು ಹಿಡಿಯಲು ಹೊರಟರು. ಬಾಗಿಲಲ್ಲಿ ನಿಂತು ಅವಳು ಇನ್ನೊಮ್ಮೆ "ಥ್ಯಾಂಕ್ಸ್ ಅಂಕಲ್" ಎಂದಳು, ಸಿಳ್ಳಿನ ಸಮೇತ.

ಇಲ್ಲಿ ಸ್ವಲ್ಪ ಯಂತ್ರದ ಮಾತು ಬೇಕು. ಕಟರ್‌ಗಳಿಗೆ ಶತ್ರು ಎಂದರೆ 'ಸ್' ಸದ್ದು. ಅದನ್ನು ಕೊರೆಯಲು ಸೂಜಿ ವಿಪರೀತ ವೇಗದಲ್ಲಿ ಅತ್ತಿತ್ತ ಓಡಬೇಕು. ಓಡಿ ಕೊರೆದರೂ ಮನೆಯಲ್ಲಿ ರೆಕಾರ್ಡು ಹಾಕಿದವರಿಗೆ ಉಗುಳಿದಂತೆ ಕೇಳುತ್ತದೆ. ಅದಕ್ಕೆ ಎರಡು ದಾರಿ. ಒಂದು, ಡಿ-ಎಸ್ಸರ್ ಎಂಬ ಪೆಟ್ಟಿಗೆಯನ್ನು ನಡುವೆ ಹಾಕುವುದು. 'ಸ್' ತಲೆ ಎತ್ತಿದಲ್ಲೆಲ್ಲ ಅದು ಹೊಡೆದು ಕೂರಿಸುತ್ತದೆ, ಒಂದು ಗುಂಡಿ ತಿರುಗಿಸಿದರೆ ಆಯಿತು. ಇನ್ನೊಂದು, ಅರ್ಧ ವೇಗದ ಕಟಿಂಗ್. ಹಾಡನ್ನೂ ಲೇತನ್ನೂ ಅರ್ಧ ವೇಗದಲ್ಲಿ ಓಡಿಸಿದರೆ ಸೂಜಿಗೆ ಎರಡರಷ್ಟು ಹೊತ್ತು ಸಿಗುತ್ತದೆ, 'ಸ್' ಇದ್ದ ಹಾಗೇ ಕೂರುತ್ತದೆ. ಆದರೆ ಬೆಲ್ಟು ಬದಲಿಸಬೇಕು, ಎಲ್ಲವನ್ನೂ ಹೊಸದಾಗಿ ಹೊಂದಿಸಬೇಕು, ಪರೀಕ್ಷೆಗೆ ಕೊರೆದು ನೋಡಬೇಕು. ಪೂರ್ತಿ ಒಂದು ದಿನ ಹೋಗುತ್ತದೆ.

ನಾನು ಮೊದಲು ಒಂದು ಹಾಡನ್ನು ಹಾಗೇ ಕೊರೆದು ನೋಡಿದೆ. ಸಿಳ್ಳು ಇದ್ದಲ್ಲೆಲ್ಲ ಉಗುಳು. ಗಡಿಯಾರ ನೋಡಿದೆ. ನಾಲ್ಕಕ್ಕೆ ಕಾರ್ಖಾನೆಗೆ ಒಯ್ಯುವ ಕೊರಿಯರ್ ಬರುವವನಿದ್ದ. ಮಾರನೆಯ ದಿನ ಸರದಿ ಪಟ್ಟಿಯಲ್ಲಿ ಬೇರೆಯವರ ಕೆಲಸ. ಮ್ಯಾನೇಜರಿಗೆ ಹೇಳಿದ್ದರೆ ಆಕೆ ಗೊಣಗಿಯಾದರೂ ದಿನ ಹೊಂದಿಸಿಕೊಡುತ್ತಿದ್ದಳು. ನಾನು ಕೇಳಲಿಲ್ಲ. ಸಹನಾಳಿಗೆ ಫೋನ್ ಮಾಡಲಿಲ್ಲ. ಗುಂಡಿ ತಿರುಗಿಸಿದೆ. ಎರಡೂ ಮಗ್ಗುಲು ಬೆಣ್ಣೆಯಲ್ಲಿ ಕೂದಲು ತೆಗೆದ ಹಾಗೆ ಬಂದವು. ಕಟಿಂಗ್ ಶೀಟಿನಲ್ಲಿ ಏನು ಬದಲಾಯಿಸಿದೆ ಎಂದು ಬರೆಯುವ ಜಾಗ ಖಾಲಿ ಬಿಟ್ಟೆ. ಸ್ವಲ್ಪ ಸಿಳ್ಳು ತಾನೇ, ಯಾರಿಗೆ ಕೇಳಿಸೀತು ಎಂದು ಸಮಾಧಾನ ಮಾಡಿಕೊಂಡೆ. ಹಾಗೆ ಸಮಾಧಾನ ಮಾಡಿಕೊಳ್ಳಬೇಕಾಗಿ ಬಂದಾಗಲೇ ನನಗೆ ಗೊತ್ತಾಗಬೇಕಿತ್ತು.

ಕೆಲವು ವಾರಗಳ ಮೇಲೆ ಪರೀಕ್ಷೆಗೆ ಒತ್ತಿದ ರೆಕಾರ್ಡು ಹಿಡಿದುಕೊಂಡು ಅವಳೊಬ್ಬಳೇ ಬಂದಳು. ಮುಖ ಸಪ್ಪಗಿತ್ತು.

"ಅಂಕಲ್, ಇದು ನನ್ನ ಥರ ಇಲ್ಲ."

ಹೇಳಲು ಅದೇ ಸರಿಯಾದ ಕ್ಷಣವಾಗಿತ್ತು. ಆ ತಟ್ಟೆ ಬಿಸಾಕಿ, ಒಂದು ದಿನ ಕೂತು ಹೊಸದು ಕೊರೆದಿದ್ದರೆ ಮುಗಿಯುತ್ತಿತ್ತು. ರೆಕಾರ್ಡು ಹೊರಬರುವುದು ತಡವಾಗುತ್ತಿತ್ತು, ನನ್ನ ಹೆಸರಿಗೆ ಸ್ವಲ್ಪ ಮಸಿ ಹತ್ತುತ್ತಿತ್ತು, ಅಷ್ಟೇ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ನಾನೂ ಅದನ್ನೇ ಮಾಡಿದೆ.

"ವಿನೈಲ್ ಅಂದ್ರೆ ಹಂಗೇ ಬೇಟಾ. ಕೆಲವು ಸದ್ದು ಅದರಾಗ ಕೂರೋದಿಲ್ಲ."

"ಎಲ್ಲರದೂನಾ? ಅಥವಾ ನಂದು ಮಾತ್ರನಾ?"

"ಎಲ್ಲಾರದೂ ಅಷ್ಟೇ" ಎಂದು ಹೇಳಬಹುದಿತ್ತು. ಅದೂ ಪೂರ್ತಿ ನಿಜವಲ್ಲ, ಆದರೆ ಅಷ್ಟು ಗಾಯ ಮಾಡುತ್ತಿರಲಿಲ್ಲ. ನನ್ನ ಬಾಯಿಂದ ಬಂದದ್ದು ಹೀಗೆ: "ನಿಂದು ಸ್ವಲ್ಪ ಜಾಸ್ತಿ ಐತಿ."

ಇಲ್ಲಿಯ ಬೇರೆ ಬ್ಯಾಂಡಿನವರಾಗಿದ್ದರೆ ಜಗಳ ಆಡುತ್ತಿದ್ದರು. ಇನ್ನೊಬ್ಬ ಕಟರ್‌ನ ಹತ್ತಿರ ಹೋಗಿ ಕೇಳುತ್ತಿದ್ದರು, ನೆಟ್‌ನಲ್ಲಿ ಹುಡುಕಿ ತಂದು ನನ್ನ ಮುಖಕ್ಕೆ ಹಿಡಿಯುತ್ತಿದ್ದರು. ಸಹನಾ ಅದ್ಯಾವುದನ್ನೂ ಮಾಡಲಿಲ್ಲ. ಹಿರಿಯರು ಹೇಳಿದ ಮೇಲೆ ಮುಗಿಯಿತು ಎನ್ನುವುದನ್ನು ಆ ಡಾಕ್ಟರಮ್ಮ ಮಗಳಿಗೆ ಸರಿಯಾಗಿಯೇ ಕಲಿಸಿದ್ದರು. "ಓಕೆ ಅಂಕಲ್" ಎಂದು ರೆಕಾರ್ಡನ್ನು ಕವರಿಗೆ ಹಾಕಿಕೊಂಡಳು. ಅಂಕಲ್ ಎಂದು ಕರೆಸಿಕೊಂಡವನು ಅದಕ್ಕೆ ತಕ್ಕಂತೆ ಇರಬೇಕಿತ್ತು. ನಾನು ಆ ಮಾತನ್ನು ನನ್ನ ಅನುಕೂಲಕ್ಕೆ ಬಳಸಿಕೊಂಡೆ, ನಾಚಿಕೆಯಾಗುತ್ತದೆ.

ರೆಕಾರ್ಡು ಹೊರಬಂತು. ಚೆನ್ನಾಗಿದೆ, ದನಿ ಮೃದುವಾಗಿದೆ ಎಂದು ಬರೆದರು. ಮ್ಯಾನೇಜರ್ ನನ್ನ ಬೆನ್ನು ತಟ್ಟಿದಳು. ಅಂದಿನಿಂದಲೇ ಶುರುವಾದದ್ದು ಈ ಚಡಪಡಿಕೆ, ನಿವೃತ್ತಿಗೂ ಅದಕ್ಕೂ ಸಂಬಂಧವಿಲ್ಲ. ಟಿವಿಯಲ್ಲಿ ವಾರ್ತೆ ಓದುವವಳ 'ಸ್' ಕೇಳಿದರೆ ಎದ್ದು ಹೋಗುತ್ತಿದ್ದೆ. ಜುಬೇದಾ ನಮ್ಮ ಜಿಪಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದಳು. ಕಿವಿ ಎರಡೂ ಸರಿಯಾಗಿವೆ ಎಂದರು.

ಎರಡು ವರ್ಷ ಕಳೆದಿರಬೇಕು. ನನ್ನ ಕೆಲಸ ಮುಗಿಯಲು ತಿಂಗಳೊಂದು ಉಳಿದಿತ್ತು. ಒಂದು ಮಧ್ಯಾಹ್ನ ಡಾಕ್ಟರಮ್ಮ ಫೋನ್ ಮಾಡಿದರು. ಅದುವರೆಗೆ ನಾವು ಮಾತಾಡಿದವರಲ್ಲ.

"ಖಾದರ್ ಅವರೇ, ನಿಮ್ಗೆ ಎಷ್ಟು ಥ್ಯಾಂಕ್ಸ್ ಹೇಳಿದ್ರೂ ಸಾಲ್ದು. ಹತ್ತು ವರ್ಷದಿಂದ ಬಡ್ಕೊಂಡೆ, ನನ್ನ ಮಾತು ಕೇಳ್ಲಿಲ್ಲ. ನೀವು ಒಂದ್ಸಲ ಹೇಳಿದ್ರಿ, ಕೇಳಿಬಿಟ್ಳು ನೋಡಿ."

"ನಾನು ಏನು ಹೇಳ್ದೆ ಮೇಡಂ?" ಎಂದು ಕೇಳುವಾಗಲೇ ನನಗೆ ಗೊತ್ತಿತ್ತು.

"ಹಲ್ಲು! ಸಂದು ಮುಚ್ಚಿಸ್ಕೊಂಡ್ಳು. ಎಷ್ಟು ಚೆನ್ನಾಗಿ ಕಾಣ್ತಾಳೆ ಅಂತೀರಿ. ಹೊಸ ಆಲ್ಬಮ್ಮು ನಿಮ್ಮ ಹತ್ರಾನೇ ಕಟ್ ಮಾಡಿಸ್ಬೇಕು ಅಂತ ಹಟ ಹಿಡಿದಿದಾಳೆ. ನೀವು ರಿಟೈರ್ ಆಗೋದ್ರೊಳಗೆ ಮಾಡ್ಕೊಡಿ."

ಫೋನ್ ಇಟ್ಟು ರೂಮಿನಲ್ಲಿ ಎಷ್ಟು ಸುತ್ತು ಹಾಕಿದೆನೋ. ಅವಳು ಬರುವವರೆಗಿನ ಆ ಎಂಟು ದಿನ ನನಗೆ ಅನ್ನ ಸೇರಲಿಲ್ಲ. ಹೇಳಬೇಕೋ ಬೇಡವೋ? ಹೇಳಿದರೆ ಹಲ್ಲಿನ ಸಂದು ವಾಪಸು ಬರುತ್ತದೆಯೇ? ಹೇಳದಿದ್ದರೆ ನಾನು ಚೆನ್ನಾಗಿಯೇ ನಿವೃತ್ತನಾಗುತ್ತೇನೆ, ಕೇಕು ಕತ್ತರಿಸುತ್ತಾರೆ, ಸಹನಾ ನಗುತ್ತ ಫೋಟೋ ತೆಗೆಸಿಕೊಳ್ಳುತ್ತಾಳೆ. ಜುಬೇದಾಳಿಗೆ ಹೇಳಿದೆ. ಅವಳು ರೊಟ್ಟಿ ಬಡಿಯುವುದನ್ನು ನಿಲ್ಲಿಸಿ, ದಖನಿಯಲ್ಲಿ ಒಂದೇ ಮಾತು ಅಂದಳು, ನಿಮ್ಮ ಮಗಳಾಗಿದ್ದರೆ ಏನು ಮಾಡುತ್ತಿದ್ದಿರಿ ಎಂದು. ನಾನು ಜಾಕೀಟು ಹಾಕಿಕೊಂಡು ಹೊರಗೆ ಹೋದೆ.

ಸಹನಾ ಬಂದಳು. ನಕ್ಕಾಗ ಮೇಲಿನ ಹಲ್ಲುಗಳು ಒಂದೇ ಸಾಲಿನಲ್ಲಿ ಕೂಡಿಕೊಂಡಿದ್ದವು. "ಸಹನಾ ಬಂದಿದೀನಿ ಅಂಕಲ್" ಎಂದಳು, ಸಿಳ್ಳಿಲ್ಲದ ಬರೀ ಸ. ಹೊಸ ಆಲ್ಬಮಿನ ಮೊದಲ ಹಾಡು ಹಾಕಿದೆ. ಒಳ್ಳೆಯ ಹಾಡು, ಗಟ್ಟಿ ದನಿ. ಮೀಟರಿನ ಮುಳ್ಳು ಒಂದು ಸಲವೂ ಕೆಂಪಿಗೆ ಹೋಗಲಿಲ್ಲ.

"ಈಗ ಕೂರುತ್ತೆ ಅಲ್ವಾ ಅಂಕಲ್?" ಎಂದು ಕೇಳಿದಳು. ಶಾಲೆಯ ಮಗು ಹೋಂವರ್ಕ್ ತೋರಿಸಿದ ಹಾಗೆ ಕೇಳಿದಳು.

ನಾನು ಹಾಡು ನಿಲ್ಲಿಸಿದೆ. ನನ್ನ ಊರಿನ ಮಾತು ತಾನಾಗಿ ಬಂತು.

"ಬೇಟಾ, ಅವತ್ತೂ ಕೂರ್ತಿತ್ತು. ನಾ ಸುಳ್ಳು ಹೇಳೀನಿ ನಿನಗ. ರೆಕಾರ್ಡಿಂದಲ್ಲ ತಪ್ಪು, ನಂದು. ಗುಂಡಿ ತಿರುವಿ ನಾನೇ ತಗದೆ."

ಅವಳಿಗೆ ಮೊದಲು ತಿಳಿಯಲಿಲ್ಲ. ಇಂಗ್ಲಿಷಿನಲ್ಲಿ ಮತ್ತೊಮ್ಮೆ ಹೇಳಿದೆ. ಅರ್ಧ ವೇಗ, ಬೆಲ್ಟು, ಎಲ್ಲ ಹೇಳಿದೆ. ಅವಳು ಬೈಯಬಹುದಿತ್ತು, ಅತ್ತುಬಿಡಬಹುದಿತ್ತು. ಎರಡಕ್ಕೂ ತಯಾರಾಗಿದ್ದೆ.

"ಎಷ್ಟು ಟೈಮ್ ಬೇಕಿತ್ತು?" ಎಂದಳು.

"ಒಂದು ದಿನ."

"ಒನ್ ಡೇ?"

"ಹೂಂ."

ಅವಳು ಹಳೆಯ ಆಲ್ಬಮಿನ ಫೈಲು ಇದೆಯೇ, ಗುಂಡಿ ತಿರುಗಿಸುವ ಮೊದಲಿನದು, ಎಂದು ಕೇಳಿದಳು. ಇತ್ತು, ಹಾಕಿದೆ. ರೂಮಿನ ತುಂಬ ಅವಳ ಹಳೆಯ ದನಿ ಬಂತು, ಪ್ರತಿ ಸಾಲಿನಲ್ಲೂ ಆ ಸಿಳ್ಳು. ಅಷ್ಟು ಚೆನ್ನಾಗಿತ್ತೆಂದು ಅವತ್ತು ನನ್ನ ಕಿವಿಗೆ ಹೇಗೆ ಕೇಳಿಸಲಿಲ್ಲವೋ. ಸಹನಾ ಸ್ಪೀಕರಿನ ಹತ್ತಿರ ಹೋಗಿ ನಿಂತು ಸಣ್ಣಗೆ ಜೊತೆಗೆ ಹಾಡತೊಡಗಿದಳು. ಸ್ಪೀಕರಿನಿಂದ ಬರುತ್ತಿದ್ದ ಸಿಳ್ಳು ಅವಳ ಬಾಯಿಂದ ಬರಲಿಲ್ಲ. ತುಟಿ ಬೇರೆ ಥರ ಮಾಡಿ ನೋಡಿದಳು, ನಾಲಗೆ ಮುಂದೆ ತಂದು ನೋಡಿದಳು. ಹಾಡು ಮುಗಿಯಿತು.

"ಹೊಸದು ಕಟ್ ಮಾಡಿ ಅಂಕಲ್. ಐದೂವರೆಗೆ ಟ್ರೈನ್ ಇದೆ" ಎಂದಳು.

ಕೊರೆದೆ. ಯಾವ ಪೆಟ್ಟಿಗೆಯೂ ಬೇಕಾಗಲಿಲ್ಲ. ನನ್ನ ಇಡೀ ಕೆಲಸದಲ್ಲಿ ಅಷ್ಟು ಸಲೀಸಾಗಿ ಕೊರೆದ ತಟ್ಟೆ ಇನ್ನೊಂದಿಲ್ಲ. ಹೊಸಬರು ಅದರಿಂದ ಒತ್ತಿದ ರೆಕಾರ್ಡನ್ನು ಮಾದರಿಯೆಂದು ಮೈಕ್ರೋಸ್ಕೋಪಿನ ಕೆಳಗೆ ಇಟ್ಟು ನೋಡುತ್ತಾರಂತೆ, ಗೆರೆ ಎಷ್ಟು ನುಣ್ಣಗಿದೆ ನೋಡಿ ಎಂದು ಒಬ್ಬರಿಗೊಬ್ಬರು ತೋರಿಸುತ್ತಾರಂತೆ. ನೋಡಿ. ಆ ಹುಡುಗಿಯ ಬಾಯಿಂದ ನಾನು ಏನು ಕಿತ್ತುಕೊಂಡೆನೋ, ಅದು ಇಲ್ಲದ್ದರಿಂದಲೇ ಆ ಗೆರೆ ಅಷ್ಟು ನುಣ್ಣಗಿದೆ.